ಮಂತ್ರಿ ಕಾಯಿ ನಡೆಸಿದವಳು ಮಂತ್ರಿಯಾದಾಗ

ಚುನಾವಣೆ ಹತ್ತಿರ ಬಂತೆಂದರೆ ನಮ್ಮ ಪತ್ರಿಕೆಗಳಿಗೆ ಚದುರಂಗ ನೆನಪಾಗುತ್ತದೆ. ಹುಣಸೂರಿನಲ್ಲಿ ಟಿಕೆಟ್ ಕೈತಪ್ಪಿದವರು ಬೇರೆ ಪಕ್ಷದ ಬಾಗಿಲು ತಟ್ಟಿದರೆ ಅದು ‘ಚದುರಂಗದ ನಡೆ’. ಕೆ.ಆರ್. ನಗರದಲ್ಲಿ ಎದುರಾಳಿಯ ಬೆಂಬಲಿಗರನ್ನು ರಾತ್ರೋರಾತ್ರಿ ಸೆಳೆದುಕೊಂಡರೆ ‘ಚೆಕ್‌ಮೇಟ್’. ಪಿರಿಯಾಪಟ್ಟಣದಲ್ಲಿ ತಂಬಾಕಿನ ದರ ಬಿದ್ದ ವರ್ಷ ಯಾರಾದರೂ ರೈತರ ಪರ ಧರಣಿ ಕೂತರೆ ‘ದಾಳ ಉರುಳಿಸಿದರು’ ಎಂದು ಬರೆದುಬಿಡುತ್ತೇವೆ. ದಾಳ ಉರುಳುವುದು ಪಗಡೆಯಲ್ಲಿ, ಚದುರಂಗದಲ್ಲಲ್ಲ ಎಂಬುದು ಬರೆಯುವ ಅವಸರದಲ್ಲಿ ಯಾರಿಗೂ ಹೊಳೆಯುವುದಿಲ್ಲ.

ರಾಜಕೀಯವೂ ಚದುರಂಗವೂ ಒಂದೇ ಎಂದು ಇಷ್ಟು ಸಲೀಸಾಗಿ ಹೇಳುತ್ತೇವಲ್ಲ, ನಿಜವಾಗಿ ಚದುರಂಗ ಆಡಿ ಗೆದ್ದವರು ರಾಜಕೀಯಕ್ಕೆ ಬಂದರೆ ಏನಾಗುತ್ತದೆ? ಅದರಲ್ಲೂ ಹೆಣ್ಣುಮಗಳೊಬ್ಬಳು ಬಂದರೆ? ಇದಕ್ಕೆ ಉತ್ತರ ಹುಡುಕಲು ಸ್ವಲ್ಪ ದೂರ, ಬಾಲ್ಟಿಕ್ ಸಮುದ್ರದ ದಂಡೆಯ ಎರಡು ಪುಟ್ಟ ದೇಶಗಳಿಗೆ ಹೋಗಬೇಕು. ಪುಟ್ಟ ಎಂದರೆ ಎಷ್ಟು? 2011ರ ಜನಗಣತಿಯ ಪ್ರಕಾರ ನಮ್ಮ ಮೈಸೂರು ಜಿಲ್ಲೆಯ ಜನಸಂಖ್ಯೆ 30 ಲಕ್ಷ. ಲಿಥುವೇನಿಯಾ ಎಂಬ ಇಡೀ ದೇಶದ ಜನಸಂಖ್ಯೆ 29 ಲಕ್ಷವನ್ನೂ ಮುಟ್ಟುವುದಿಲ್ಲ. ಪಕ್ಕದ ಲಾಟ್ವಿಯಾದಲ್ಲಿ 20 ಲಕ್ಷಕ್ಕೂ ಕಡಿಮೆ. ಈ ಎರಡೂ ದೇಶಗಳಲ್ಲಿ ಚದುರಂಗದ ಮಣೆಯ ಮುಂದಿನಿಂದ ಎದ್ದ ಹೆಣ್ಣುಮಕ್ಕಳು ರಾಜ್ಯಾಡಳಿತದ ಎತ್ತರದ ಕುರ್ಚಿಗಳಲ್ಲಿ ಕೂತರು. ಒಬ್ಬರು ಸಂಸತ್ತಿನ ಸಭಾಧ್ಯಕ್ಷೆ, ಇನ್ನೊಬ್ಬರು ಹಣಕಾಸು ಮಂತ್ರಿ.

ಮಂತ್ರಿ ರಾಣಿಯಾದ ಕಥೆ

ಆದರೆ ಅಲ್ಲಿಗೆ ಹೋಗುವ ಮೊದಲು ನಮ್ಮ ಮಣೆಯನ್ನೊಮ್ಮೆ ನೋಡೋಣ. ರಾಜ, ಮಂತ್ರಿ, ಆನೆ, ಕುದುರೆ, ಒಂಟೆ, ಕಾಲಾಳು. ಇಂಗ್ಲಿಷ್ ಶಾಲೆಯ ಮಕ್ಕಳು ‘ಕ್ವೀನ್’ ಎನ್ನುವ ಕಾಯನ್ನು ನಮ್ಮ ಹಳಬರು ಇಂದಿಗೂ ಮಂತ್ರಿ ಎಂದೇ ಕರೆಯುತ್ತಾರೆ. ಸರಿಯಾದ ಹೆಸರೂ ಅದೇ. ಭಾರತದಲ್ಲಿ ಹುಟ್ಟಿದ ಚತುರಂಗ ಪರ್ಷಿಯಾಕ್ಕೆ ಹೋದಾಗಲೂ ಆ ಕಾಯಿ ‘ಫರ್ಜೀನ್’, ಅಂದರೆ ರಾಜನ ಸಲಹೆಗಾರನಾಗಿಯೇ ಉಳಿಯಿತು. ಅರಬರ ಕೈಯಿಂದ ಯೂರೋಪಿಗೆ ದಾಟಿದ ಮೇಲೆ ಅಲ್ಲಿನವರು ಮಂತ್ರಿಯನ್ನು ತೆಗೆದು ರಾಜನ ಪಕ್ಕ ರಾಣಿಯನ್ನು ಕೂರಿಸಿದರು. ಸ್ವಿಟ್ಜರ್ಲೆಂಡಿನ ಐನ್‌ಸೀಡೆಲ್ನ್ ಎಂಬ ಊರಿನ ಮಠದಲ್ಲಿ ಸಿಕ್ಕಿರುವ, 10ನೆಯ ಶತಮಾನದ ಕೊನೆಯದೆಂದು ಹೇಳಲಾಗುವ ಲ್ಯಾಟಿನ್ ಪದ್ಯವೊಂದರಲ್ಲಿ ಈ ರಾಣಿ ಮೊದಲು ಕಾಣಿಸಿಕೊಳ್ಳುತ್ತಾಳೆ.

ರಾಣಿಯಾದಳೆಂದ ಮಾತ್ರಕ್ಕೆ ಅಧಿಕಾರವೇನೂ ಸಿಗಲಿಲ್ಲ. ಹಳೆಯ ಮಂತ್ರಿಯಂತೆಯೇ ಓರೆಯಾಗಿ ಒಂದೇ ಒಂದು ಮನೆ ಸರಿಯುವ ಬಡಪಾಯಿ ಕಾಯಿ ಅದು. ಇನ್ನೂ ಐನೂರು ವರ್ಷ ಹಾಗೆಯೇ ಇತ್ತು. 15ನೆಯ ಶತಮಾನದ ಕೊನೆಯ ಭಾಗದಲ್ಲಿ ಸ್ಪೇನಿನ ಕಡೆ ನಿಯಮ ಬದಲಾಗಿ, ರಾಣಿ ಎಂಟು ದಿಕ್ಕಿಗೂ ಎಷ್ಟು ಮನೆ ಬೇಕಾದರೂ ನಡೆಯುವ, ಮಣೆಯ ಮೇಲಿನ ಅತಿ ಬಲಶಾಲಿ ಕಾಯಿಯಾದಳು. ಆಗ ಅಲ್ಲಿ ಆಳುತ್ತಿದ್ದವಳು ಕ್ಯಾಸ್ಟೀಲಿನ ರಾಣಿ ಇಸಬೆಲ್ಲಾ. ಇವೆರಡಕ್ಕೂ ನಂಟಿದೆ ಎಂದು ‘ಬರ್ತ್ ಆಫ್ ದಿ ಚೆಸ್ ಕ್ವೀನ್’ ಎಂಬ ಪುಸ್ತಕದಲ್ಲಿ ವಾದಿಸಿದವರು ಅಮೆರಿಕದ ಮೆರಿಲಿನ್ ಯಾಲಮ್. ವಾದ ಒಪ್ಪುವುದು ಬಿಡುವುದು ಓದುಗರಿಗೆ ಸೇರಿದ್ದು. ಹೊಸ ಆಟವನ್ನು ಆ ಕಾಲದ ಗಂಡಸರು ‘ಹುಚ್ಚು ರಾಣಿಯ ಚದುರಂಗ’ ಎಂದು ಕರೆದರೆಂಬುದು ಮಾತ್ರ ನಿಜ. ಬಲ ಬಂದ ಹೆಂಗಸಿಗೆ ಮೊದಲು ಸಿಗುವ ಬಿರುದು ಎಲ್ಲ ದೇಶಗಳಲ್ಲೂ ಅದೇ ಎಂದು ಕಾಣುತ್ತದೆ.

ನಮ್ಮ ಮೈಸೂರಿಗೂ ಚದುರಂಗಕ್ಕೂ ಇರುವ ನಂಟು ಸಣ್ಣದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಆಟಗಳ ಮಹಾರಸಿಕರು. ಅವರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗವಾದ ಕೌತುಕನಿಧಿ ಮಣೆಯಾಟಗಳಿಗೂ ಎಲೆಯಾಟಗಳಿಗೂ ಮೀಸಲು. ಕುದುರೆಯೊಂದು 64 ಮನೆಗಳನ್ನೂ ಒಂದೊಂದೇ ಬಾರಿ ಮೆಟ್ಟಿ ಬರುವ ಸಮಸ್ಯೆಯನ್ನು ಅವರು ಬಗೆಬಗೆಯಾಗಿ ಬಿಡಿಸಿದರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡ ಮೇಲೆ 1868ರಲ್ಲಿ ತೀರಿಕೊಳ್ಳುವವರೆಗೆ ಆ ಅರಸರಿಗೆ ಉಳಿದಿದ್ದ ರಾಜ್ಯಗಳಲ್ಲಿ ಈ 64 ಮನೆಗಳದ್ದೂ ಒಂದು ಎನ್ನಬೇಕು. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನ ಇಂಥ ಹಳೆಯ ಮಣೆಯಾಟಗಳನ್ನು ಮತ್ತೆ ಮಾಡಿಸಿ ಪ್ರದರ್ಶನ ಏರ್ಪಡಿಸುತ್ತ ಬಂದಿರುವುದು ಅನೇಕರಿಗೆ ಗೊತ್ತು.

ಅರಮನೆಯ ಮಾತು ಹಾಗಾದರೆ ಹಳ್ಳಿಯಲ್ಲಿ? ದೇವಸ್ಥಾನದ ಜಗಲಿಯ ಕಲ್ಲಿನ ಮೇಲೆ ಕೊರೆದ ಹುಲಿ-ಕುರಿ ಆಟ ಗಂಡಸರದ್ದು. ಒಳಮನೆಯಲ್ಲಿ ಹುಣಸೆ ಬೀಜವನ್ನೋ ಕವಡೆಯನ್ನೋ ಇಟ್ಟುಕೊಂಡು ಆಡುವ ಅಳಗುಳಿಮಣೆ, ಚೌಕಾಬಾರ ಹೆಂಗಸರದ್ದು. ಅಳಗುಳಿಮಣೆಯಲ್ಲಿ ಕಾಳು ಎಣಿಸಿ ನಾಲ್ಕು ಸುತ್ತು ಮುಂದೆ ನೋಡುವ ಅಜ್ಜಿಯಂದಿರ ಲೆಕ್ಕಾಚಾರ ಯಾವ ಚದುರಂಗಕ್ಕೂ ಕಡಿಮೆಯಲ್ಲ. ಕೊರತೆ ಬುದ್ಧಿಯದ್ದಲ್ಲ, ಜಗಲಿಯದ್ದು. ಕಟ್ಟೆಯ ಮೇಲೆ, ಊರು ನೋಡುವಂತೆ, ಎದುರಿಗೆ ಗಂಡಸೊಬ್ಬನನ್ನು ಕೂರಿಸಿಕೊಂಡು ಆಡುವ ಅವಕಾಶ ಅವರಿಗಿರಲಿಲ್ಲ.

ಶ್ಯೌಲೈ ಊರಿನ ಹುಡುಗಿ

ವಿಕ್ಟೋರಿಯಾ ಚ್ಮಿಲೀಟೆ ಹುಟ್ಟಿದ್ದು 1983ರ ಆಗಸ್ಟ್‌ನಲ್ಲಿ, ಲಿಥುವೇನಿಯಾದ ಶ್ಯೌಲೈ ಎಂಬ ಊರಿನಲ್ಲಿ. ಆಗ ಆ ದೇಶ ಸೋವಿಯತ್ ಒಕ್ಕೂಟದ ಒಂದು ತುಂಡು. ಆರು ವರ್ಷದವಳಿದ್ದಾಗ ತಂದೆ ಆಟ ಕಲಿಸಿದರು. ಅದರ ಬೆನ್ನಿಗೇ, 1990ರ ಮಾರ್ಚ್ 11ರಂದು, ಲಿಥುವೇನಿಯಾ ತಾನು ಸ್ವತಂತ್ರ ಎಂದು ಘೋಷಿಸಿಕೊಂಡಿತು. ಸೋವಿಯತ್ ವ್ಯವಸ್ಥೆಯ ಬಗ್ಗೆ ಏನೇ ಹೇಳಿ, ಚದುರಂಗವನ್ನು ಅದು ಊರೂರಿನ ಮಕ್ಕಳ ಕೈಗೆ ಇಟ್ಟಿತ್ತು. 1960ರಲ್ಲಿ ವಿಶ್ವ ಚಾಂಪಿಯನ್ ಆದ ಮಿಖಾಯಿಲ್ ತಾಲ್ ಪಕ್ಕದ ಲಾಟ್ವಿಯಾದ ರೀಗಾದವರು. 1962ರಿಂದ 1978ರವರೆಗೆ ಮಹಿಳಾ ವಿಶ್ವ ಚಾಂಪಿಯನ್ ಆಗಿದ್ದ ನೋನಾ ಗಪ್ರಿಂದಾಶ್ವಿಲಿ ಜಾರ್ಜಿಯಾದವರು. ಹುಡುಗಿಯೊಬ್ಬಳು ಚದುರಂಗ ಆಡುತ್ತಾಳೆಂದರೆ ಆ ಸೀಮೆಯಲ್ಲಿ ಯಾರೂ ಹುಬ್ಬೇರಿಸುತ್ತಿರಲಿಲ್ಲ.

ಚ್ಮಿಲೀಟೆ 12 ವರ್ಷದೊಳಗಿನ ಬಾಲಕಿಯರ ವಿಭಾಗದಲ್ಲಿ ವಿಶ್ವ ಚಾಂಪಿಯನ್ ಆದರು. 2006ರಲ್ಲಿ ಮಹಿಳಾ ವಿಶ್ವ ಚಾಂಪಿಯನ್‌ಷಿಪ್‌ನ ಸೆಮಿಫೈನಲ್ ಮುಟ್ಟಿದರು. 2011ರಲ್ಲಿ ತಿಬಿಲಿಸಿಯಲ್ಲಿ ಯೂರೋಪಿನ ಮಹಿಳಾ ಚಾಂಪಿಯನ್. ಆದರೆ ಇವೆಲ್ಲಕ್ಕಿಂತ ಮುಖ್ಯವಾದ ಗೆಲುವು ಬೇರೆಯೇ ಇದೆ. 2000ದಲ್ಲಿ, 17 ವರ್ಷದ ಆಸುಪಾಸಿನಲ್ಲಿ, ಅವರು ಲಿಥುವೇನಿಯಾದ ರಾಷ್ಟ್ರೀಯ ಚಾಂಪಿಯನ್ ಆದರು. ಮಹಿಳಾ ಚಾಂಪಿಯನ್ ಅಲ್ಲ, ಗಂಡಸರೂ ಆಡುವ ಮುಕ್ತ ಪಂದ್ಯಾವಳಿಯ ಚಾಂಪಿಯನ್. 2005ರಲ್ಲಿ ಮತ್ತೊಮ್ಮೆ. 2010ರಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲದ ಗ್ರ್ಯಾಂಡ್‌ಮಾಸ್ಟರ್ ಪಟ್ಟ.

ಅವರು ಮೊದಲು ಮದುವೆಯಾದದ್ದು 2001ರಲ್ಲಿ, ಅಲೆಕ್ಸೀ ಶಿರೋವ್ ಅವರನ್ನು. ಶಿರೋವ್ ಅಂದರೆ 2000ದ ಡಿಸೆಂಬರ್‌ನಲ್ಲಿ ಟೆಹ್ರಾನಿನ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ನಮ್ಮ ವಿಶ್ವನಾಥನ್ ಆನಂದ್ ಸೋಲಿಸಿದ ಆಟಗಾರ. ಆ ಮದುವೆ ಮುರಿದು, 2013ರಲ್ಲಿ ಡೆನ್ಮಾರ್ಕಿನ ಪೀಟರ್ ಹೈನೆ ನೀಲ್ಸನ್ ಅವರನ್ನು ವರಿಸಿದರು. ಆತ 2008, 2010, 2012ರ ವಿಶ್ವ ಪಂದ್ಯಗಳಲ್ಲಿ ಇದೇ ಆನಂದ್ ಅವರ ಸಹಾಯಕ ತಂಡದಲ್ಲಿದ್ದವರು! ಲೋಕ ಎಷ್ಟು ಸಣ್ಣದು ನೋಡಿ. ಗಾಸಿಪ್‌ಗಾಗಿ ಇದನ್ನು ಬರೆಯುತ್ತಿಲ್ಲ. ಮುಂದೆ ಹೇಳಲಿರುವ ಒಂದು ಮಾತಿಗೆ ಇದು ಬೇಕು.

2015ರಲ್ಲಿ ಚ್ಮಿಲೀಟೆ-ನೀಲ್ಸನ್ ಲಿಬರಲ್ ಮೂವ್‌ಮೆಂಟ್ ಪಕ್ಷದ ಪಟ್ಟಿಯಿಂದ 141 ಸದಸ್ಯರ ಲಿಥುವೇನಿಯಾ ಸಂಸತ್ತಿಗೆ, ಅವರ ಭಾಷೆಯಲ್ಲಿ ಸೇಮಸ್‌ಗೆ, ಬಂದರು. ಅಲ್ಲಿಯ ಪದ್ಧತಿಯಲ್ಲಿ ಅರ್ಧದಷ್ಟು ಸ್ಥಾನಗಳು ಪಕ್ಷಗಳ ಪಟ್ಟಿಯಿಂದ ತುಂಬುತ್ತವೆ. ಗೆದ್ದವರು ಬಿಟ್ಟುಹೋದರೆ ಪಟ್ಟಿಯಲ್ಲಿ ಮುಂದಿನ ಹೆಸರಿನವರು ಒಳಬರುತ್ತಾರೆ. ಹೀಗೆ ಸದ್ದಿಲ್ಲದೆ ಬಂದವರಿಗೆ ಮರುವರ್ಷವೇ ಸಿಡಿಲು ಕಾದಿತ್ತು. 2016ರಲ್ಲಿ ಪಕ್ಷದ ನಾಯಕ ಎಲಿಗಿಯುಸ್ ಮಸ್ಯುಲಿಸ್ ಲಂಚದ ಆರೋಪದಲ್ಲಿ ಸಿಕ್ಕಿಕೊಂಡು ರಾಜೀನಾಮೆ ಕೊಟ್ಟರು. ಪಕ್ಷದ ಹೆಸರು ಮಣ್ಣಾಯಿತು. ಇಂಥ ಪಕ್ಷದ ಚುಕ್ಕಾಣಿಯನ್ನು 2019ರಲ್ಲಿ ಚ್ಮಿಲೀಟೆ-ನೀಲ್ಸನ್ ಹಿಡಿದರು. ಮುಳುಗುವ ದೋಣಿಯ ಹುಟ್ಟನ್ನು ಹೆಂಗಸಿನ ಕೈಗೆ ಕೊಡುವುದು ಪಕ್ಷಗಳ ಹಳೆಯ ಚಾಳಿ ಎಂದು ಯಾರಾದರೂ ಅಂದರೆ ನಾನು ತಕರಾರು ತೆಗೆಯಲಾರೆ. ಆದರೆ ಈ ದೋಣಿ ಮುಳುಗಲಿಲ್ಲ. 2020ರ ಚುನಾವಣೆಯಲ್ಲಿ ಪಕ್ಷ 13 ಸ್ಥಾನ ಗಳಿಸಿತು. ಮೂರು ಪಕ್ಷಗಳು ಸೇರಿ ಸರ್ಕಾರ ರಚಿಸಿದವು. ಮಾತುಕತೆಯ ಮೇಜಿನ ಸುತ್ತ ಆ ಮೂರೂ ಪಕ್ಷಗಳ ಪರವಾಗಿ ಎದ್ದು ಕಂಡದ್ದು ಮೂವರು ಹೆಂಗಸರು: ಪ್ರಧಾನಿಯಾದ ಇಂಗ್ರಿಡಾ ಶಿಮೊನೀಟೆ, ಔಶ್ರಿನೆ ಅರ್ಮೊನೈಟೆ ಮತ್ತು ನಮ್ಮ ಕಥೆಯ ಚದುರಂಗದಾಟಗಾರ್ತಿ. 2020ರ ನವೆಂಬರ್ 13ರಂದು ಚ್ಮಿಲೀಟೆ-ನೀಲ್ಸನ್ ಸಂಸತ್ತಿನ ಸಭಾಧ್ಯಕ್ಷೆಯಾದರು.

ಜೀವಮಾನವೆಲ್ಲ ಆಡಿದವರು ಹೀಗೆ ಆಡಿಸುವವರ ಕುರ್ಚಿಗೆ ಬಂದರು. ಬಂದ ಕಾಲವೂ ಸುಖದ್ದಾಗಿರಲಿಲ್ಲ. ಕೋವಿಡ್ ನಿರ್ಬಂಧಗಳ ವಿರುದ್ಧ 2021ರ ಆಗಸ್ಟ್ 10ರಂದು ಸಂಸತ್ ಭವನದ ಮುಂದೆ ನೆರೆದ ಜನರಿಗೂ ಪೊಲೀಸರಿಗೂ ಹೊಡೆದಾಟವಾಯಿತು. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ಮುಂದಿನ ಸರದಿ ತಮ್ಮದೇ ಏನೋ ಎಂಬ ಭಯ ಲಿಥುವೇನಿಯಾದ ಮನೆಮನೆಯಲ್ಲಿ. ಒಂದು ತಿಂಗಳು ಕಳೆಯುವುದರೊಳಗೆ, ಬಾಂಬು ಬೀಳುತ್ತಿದ್ದ ಕೀವ್ ನಗರಕ್ಕೆ ಲಾಟ್ವಿಯಾ, ಎಸ್ಟೋನಿಯಾಗಳ ಸಭಾಧ್ಯಕ್ಷರೊಂದಿಗೆ ಹೋಗಿ, ಮಾರ್ಚ್ 24ರಂದು ಅಲ್ಲಿನ ಸಂಸತ್ತಿನಲ್ಲಿ ಅವರು ಮಾತನಾಡಿ ಬಂದರು.

ಲಾಟ್ವಿಯಾದ ಕಥೆ ಇನ್ನೂ ಸ್ವಾರಸ್ಯದ್ದು. ಡಾನಾ ರೇಜ್ನಿಯೆತ್ಸೆ-ಓಜೊಲಾ 1981ರಲ್ಲಿ ಕುಲ್ದೀಗಾ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವರು. 1998ರಿಂದ 2001ರವರೆಗೆ ನಾಲ್ಕು ಬಾರಿ ದೇಶದ ಮಹಿಳಾ ಚಾಂಪಿಯನ್. 2001ರಲ್ಲಿ ಮಹಿಳಾ ಗ್ರ್ಯಾಂಡ್‌ಮಾಸ್ಟರ್. 2010ರಲ್ಲಿ ಸಂಸತ್ ಸದಸ್ಯೆ, 2014ರಲ್ಲಿ ಅರ್ಥವ್ಯವಹಾರಗಳ ಮಂತ್ರಿ, 2016ರ ಫೆಬ್ರವರಿಯಲ್ಲಿ ಹಣಕಾಸು ಮಂತ್ರಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬಾಕು ನಗರದಲ್ಲಿ ಚೆಸ್ ಒಲಿಂಪಿಯಾಡ್. ಹಣಕಾಸು ಮಂತ್ರಿಗಳು ದೇಶದ ತಂಡದಲ್ಲಿ ಆಡಲು ಹೋದರು. ಎದುರಿಗೆ ಬಂದವರು ಚೀನಾದ ಹೊ ಯಿಫಾನ್, ಆಗಿನ ಮಹಿಳಾ ವಿಶ್ವ ಚಾಂಪಿಯನ್. ರೇಟಿಂಗ್‌ನಲ್ಲಿ ಇಬ್ಬರಿಗೂ ಸುಮಾರು 400 ಅಂಕಗಳ ಅಂತರ. ತಾಲ್ಲೂಕು ಮಟ್ಟದ ಪೈಲ್ವಾನ ದಸರಾ ಕುಸ್ತಿಯ ಕಂಠೀರವನನ್ನು ಎದುರಿಸಿದಂತೆ. ಗೆದ್ದವರು ಮಂತ್ರಿಗಳು! ಬಜೆಟ್ ಮಂಡಿಸುವ ಮಂತ್ರಿಯೊಬ್ಬರು ವಿಶ್ವ ಚಾಂಪಿಯನ್ನರನ್ನು ಸೋಲಿಸಿದ ಉದಾಹರಣೆ ಯಾವ ಕ್ರೀಡೆಯಲ್ಲೇ ಆಗಲಿ ಸುಲಭಕ್ಕೆ ಸಿಗದು. ಯೂರೋಪಿನವರಿಗೆ ಅದು ಬರೀ ಕೌತುಕದ ಸುದ್ದಿ. ಕನ್ನಡಿಗರಾದ ನಮಗೆ ಇನ್ನೊಂದು ಸೊಗಸೂ ಇದೆ. ಅವರು ‘ರಾಣಿ’ ಎನ್ನುವ ಕಾಯಿ ನಮಗೆ ಮಂತ್ರಿ ತಾನೆ?

ಗಂಡಸರು ಆಡಿದ ಆಟ

ಚದುರಂಗದ ಜಾಣತನವೇ ಇವರನ್ನು ಗೆಲ್ಲಿಸಿತು ಎಂದು ಹೇಳಿಬಿಡುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಹಾಗಿದ್ದರೆ ಗ್ಯಾರಿ ಕ್ಯಾಸ್ಪರೋವ್ ರಷ್ಯಾದ ಅಧ್ಯಕ್ಷರಾಗಬೇಕಿತ್ತು. 2005ರಲ್ಲಿ ಆಟ ಬಿಟ್ಟು ರಾಜಕೀಯಕ್ಕೆ ಇಳಿದಾಗ ಅವರ ಬುದ್ಧಿಗೆ ಸಾಟಿ ಯಾರಿದ್ದರು? 2008ರ ಅಧ್ಯಕ್ಷ ಚುನಾವಣೆಗೆ ನಿಲ್ಲಲು ಬೆಂಬಲಿಗರ ಸಭೆ ನಡೆಸಬೇಕೆಂದು ನಿಯಮ. ಮಾಸ್ಕೋದಲ್ಲಿ ಆ ಸಭೆಗೆ ಬಾಡಿಗೆಗೊಂದು ಸಭಾಂಗಣ ಸಿಗದೆ ಅವರು ಕಣದಿಂದ ಹಿಂದೆ ಸರಿದರು. 2013ರಲ್ಲಿ ದೇಶವನ್ನೇ ಬಿಟ್ಟರು. ಅವರ ಹಳೆಯ ಎದುರಾಳಿ ಅನಾತೊಲಿ ಕಾರ್ಪೋವ್ ಆಳುವ ಪಕ್ಷಕ್ಕೆ ಸೇರಿ 2011ರಲ್ಲಿ ಸಂಸತ್ತಿಗೆ ಹೋದರು. ಚದುರಂಗದಲ್ಲಿ ಇಬ್ಬರ ಕಾಯಿಗಳೂ ಕಣ್ಣೆದುರೇ ಇರುತ್ತವೆ, ಯಾರದ್ದೂ ಗುಟ್ಟಿಲ್ಲ. ನಿಯಮ ಇಬ್ಬರಿಗೂ ಒಂದೇ, ಆಟದ ನಡುವೆ ಬದಲಾಗುವುದಿಲ್ಲ. ರಾಜಕೀಯದಲ್ಲಿ ಹಾಗುಂಟೆ? ನಮ್ಮ ವರದಿಗಳಲ್ಲಿ ನಾವು ‘ಚದುರಂಗ’ ಎಂದು ಬರೆಯುವುದು ಹೆಚ್ಚಾಗಿ ಚದುರಂಗದಲ್ಲಿ ಇಲ್ಲದ್ದನ್ನೇ: ಗುಟ್ಟು, ಒಳಸಂಚು, ಅದೃಷ್ಟ.

ಹಾಗಾದರೆ ಆ ಇಬ್ಬರು ಹೆಂಗಸರಿಗೆ ಚದುರಂಗ ಕೊಟ್ಟದ್ದೇನು? ನನ್ನ ಮಟ್ಟಿಗೆ ಉತ್ತರ ಇಷ್ಟು: ಸ್ವಂತ ಹೆಸರು, ಮತ್ತು ಒಬ್ಬಳೇ ಕೂರುವ ಅಭ್ಯಾಸ.

ಪಂದ್ಯ ನಡೆಯುವಾಗ ಆಟಗಾರರಿಗೆ ಯಾರೂ ಸಲಹೆ ಕೊಡುವಂತಿಲ್ಲ. ಕೋಚ್ ಇರಲಿ, ತಂದೆ ಇರಲಿ, ಗಂಡ ಇರಲಿ, ಹಗ್ಗದ ಆಚೆ ನಿಂತು ನೋಡಬಹುದು ಅಷ್ಟೆ. ಮುಟ್ಟಿದ ಕಾಯನ್ನು ಆಡಲೇಬೇಕು, ಇಟ್ಟ ಮೇಲೆ ಹಿಂದಕ್ಕೆ ತೆಗೆಯುವಂತಿಲ್ಲ. ಚ್ಮಿಲೀಟೆಯವರ ಮೊದಲ ಗಂಡ ವಿಶ್ವ ಚಾಂಪಿಯನ್‌ಷಿಪ್ ಫೈನಲ್ ಆಡಿದವರು, ಎರಡನೆಯವರು ಆನಂದ್ ಅವರಿಗೇ ಆಟ ಸಿದ್ಧಪಡಿಸಿಕೊಟ್ಟವರು. ಆದರೂ ಗಡಿಯಾರ ಶುರುವಾದ ಮೇಲೆ ಆ ಇಬ್ಬರಲ್ಲಿ ಯಾರೂ ಒಂದೇ ಒಂದು ನಡೆಯನ್ನು ಆಕೆಯ ಕಿವಿಯಲ್ಲಿ ಉಸುರುವಂತಿರಲಿಲ್ಲ. ಗೆದ್ದರೆ ಆಕೆಯದೇ, ಸೋತರೆ ಆಕೆಯದೇ. ಆರು ವರ್ಷದಿಂದ ಮೂವತ್ತರವರೆಗೆ ಹೀಗೆ ಕೂತು ಎದ್ದವಳು ಪಕ್ಷದ ಸಭೆಯಲ್ಲಿ ಯಾರ ಮುಖ ನೋಡಿಯಾಳು?

ನಮ್ಮ ನಾಲ್ಕು ತಾಲ್ಲೂಕುಗಳು

ಈಗ ನಮ್ಮ ಸೀಮೆಗೆ ಬರೋಣ. ರಾಜಕೀಯದಲ್ಲಿ ಹೆಣ್ಣುಮಕ್ಕಳು ಮೇಲೇರಿದ್ದು ನಮ್ಮಲ್ಲಿ ಹೊಸದೇನಲ್ಲ. ಎಚ್.ಡಿ. ಕೋಟೆಯ ಪಕ್ಕದ ಗುಂಡ್ಲುಪೇಟೆ 1997ರವರೆಗೆ ಮೈಸೂರು ಜಿಲ್ಲೆಯಲ್ಲೇ ಇತ್ತು. ಅಲ್ಲಿಂದ 1957ರಲ್ಲಿ ಮೊದಲ ಬಾರಿ ಗೆದ್ದು, ಒಟ್ಟು ಏಳು ಬಾರಿ ವಿಧಾನಸಭೆಗೆ ಬಂದ ಕೆ.ಎಸ್. ನಾಗರತ್ನಮ್ಮನವರು 1972ರಿಂದ 1978ರವರೆಗೆ ಸಭಾಧ್ಯಕ್ಷೆಯಾಗಿದ್ದರು. ರಾಜ್ಯ ವಿಧಾನಸಭೆಯ ಮೊದಲ ಮಹಿಳಾ ಸಭಾಧ್ಯಕ್ಷೆ ಅವರೇ. ಆಗ ಮುಖ್ಯಮಂತ್ರಿ ಹುಣಸೂರಿನ ಡಿ. ದೇವರಾಜ ಅರಸು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು, ಮರುವರ್ಷ ಗೇಣಿದಾರರಿಗೆ ಭೂಮಿ ಕೊಡುವ ಭೂಸುಧಾರಣೆ ಜಾರಿಯಾದದ್ದು ಎಲ್ಲವೂ ಅವರು ಆ ಪೀಠದಲ್ಲಿದ್ದ ಕಾಲದಲ್ಲಿ. ಲಿಥುವೇನಿಯಾದ ಚದುರಂಗದ ಚಾಂಪಿಯನ್ ಸಭಾಧ್ಯಕ್ಷೆಯಾಗುವುದಕ್ಕೆ 48 ವರ್ಷ ಮೊದಲೇ ನಮ್ಮ ಜಿಲ್ಲೆಯ ಹೆಣ್ಣುಮಗಳು ಅಂಥ ಕುರ್ಚಿಯಲ್ಲಿ ಕೂತಿದ್ದರು ಎಂಬುದನ್ನು ಮರೆಯಬಾರದು.

ಆದರೆ ನಾಗರತ್ನಮ್ಮನವರ ನಂತರದ ದಾರಿ ನೋಡಿ. ಹುಣಸೂರಿನಿಂದ 1980ರ ದಶಕದಲ್ಲಿ ಶಾಸಕಿಯಾಗಿ, 1991ರಲ್ಲಿ ಮೈಸೂರಿನ ಲೋಕಸಭಾ ಸದಸ್ಯೆಯಾಗಿ ಗೆದ್ದ ಚಂದ್ರಪ್ರಭಾ ಅರಸು ದೇವರಾಜ ಅರಸು ಅವರ ಮಗಳು. 2017ರಲ್ಲಿ ಗುಂಡ್ಲುಪೇಟೆಯ ಉಪಚುನಾವಣೆಯಲ್ಲಿ ಗೆದ್ದು ಮಂತ್ರಿಯಾದ ಗೀತಾ ಮಹದೇವಪ್ರಸಾದ್, ಅದೇ ವರ್ಷ ತೀರಿಕೊಂಡ ಸಚಿವ ಎಚ್.ಎಸ್. ಮಹದೇವಪ್ರಸಾದ್ ಅವರ ಪತ್ನಿ. ಇವರ ಯೋಗ್ಯತೆಯನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ದೊಡ್ಡ ಬಾಗಿಲು ಹೆಣ್ಣಿಗೆ ತೆರೆಯಬೇಕಾದರೆ ಬೀಗದ ಕೈ ಅಪ್ಪನದೋ ಗಂಡನದೋ ಆಗಿರಬೇಕೆಂಬ ವಾಡಿಕೆ ಹೇಗೆ ಬೇರುಬಿಟ್ಟಿದೆ ಎಂಬುದಷ್ಟೇ ಮಾತು.

ಸಣ್ಣ ಬಾಗಿಲನ್ನು ಮಾತ್ರ ಕಾನೂನೇ ತೆರೆಯಿತು. ಕರ್ನಾಟಕದ 1983ರ ಕಾಯ್ದೆಯಂತೆ 1987ರಲ್ಲಿ ನಡೆದ ಮಂಡಲ ಪಂಚಾಯಿತಿ ಮತ್ತು ಜಿಲ್ಲಾ ಪರಿಷತ್ ಚುನಾವಣೆಗಳಲ್ಲಿ ಶೇ 25ರಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾಯಿತು. ದೇಶದ ಉಳಿದೆಡೆ ಇಂಥ ಮಾತು ಇನ್ನೂ ಚರ್ಚೆಯ ಹಂತದಲ್ಲಿದ್ದ ಕಾಲ ಅದು. 1993ರಲ್ಲಿ ಸಂವಿಧಾನದ 73ನೆಯ ತಿದ್ದುಪಡಿಯಿಂದ ಅದು ಮೂರನೆಯ ಒಂದು ಭಾಗವಾಯಿತು. 2010ರಲ್ಲಿ ರಾಜ್ಯದಲ್ಲಿ ಅರ್ಧಕ್ಕೆ ಏರಿತು. ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ಎಲೆ ಕಟ್ಟುತ್ತಿದ್ದ ಹೆಂಗಸರು, ನಾಗರಹೊಳೆಯ ಅಂಚಿನ ಹಾಡಿಗಳ ಹೆಂಗಸರು ಪಂಚಾಯಿತಿ ಕಚೇರಿಯ ಮೆಟ್ಟಿಲು ಹತ್ತಿದ್ದು ಹೀಗೆ.

ಮೆಟ್ಟಿಲು ಹತ್ತಿದರು, ಸರಿ. ಕುರ್ಚಿಯಲ್ಲಿ ಒಬ್ಬರೇ ಕೂತರೆ? ಗ್ರಾಮ ಪಂಚಾಯಿತಿಯ ಸಭೆಗಳಿಗೆ ಹೋಗಿ ಬಂದ ಯಾವ ವರದಿಗಾರನನ್ನು ಕೇಳಿದರೂ ಹೇಳುತ್ತಾನೆ: ಅಧ್ಯಕ್ಷೆಯ ಪಕ್ಕದಲ್ಲೋ ಹಿಂದೆಯೋ ಇನ್ನೊಂದು ಕುರ್ಚಿ ಇರುತ್ತದೆ. ಅದರಲ್ಲಿ ಅಧ್ಯಕ್ಷೆಯ ಯಜಮಾನರು ಇರುತ್ತಾರೆ. ಪ್ರಶ್ನೆ ಅಧ್ಯಕ್ಷೆಗೆ, ಉತ್ತರ ಯಜಮಾನರದ್ದು. ದೂರವಾಣಿ ಮಾಡಿದರೆ ‘ಅಧ್ಯಕ್ಷರೇ ಮಾತಾಡ್ತಿರೋದು ಹೇಳಿ’ ಎನ್ನುವ ದನಿ ಗಂಡಸಿನದು. ಚದುರಂಗದ ಪಂದ್ಯವಾಗಿದ್ದರೆ ಆರ್ಬಿಟರ್ ಬಂದು ಆ ಎರಡನೆಯ ಕುರ್ಚಿಯನ್ನು ಎತ್ತಿಸುತ್ತಿದ್ದರು.

ಎಲ್ಲ ಕಡೆಯೂ ಹೀಗೆಯೇ ಎಂದರೆ ಅನ್ಯಾಯವಾದೀತು. ಎರಡನೆಯ ಅವಧಿಗೆ, ಸಾಮಾನ್ಯ ಸ್ಥಾನದಿಂದಲೇ ನಿಂತು ಗೆದ್ದು ಬರುವ ಹೆಂಗಸರೂ ಇದ್ದಾರೆ. ಅವರು ಮಾತನಾಡುವ ಧಾಟಿಯೇ ಬೇರೆ. ಪಿಡಿಒ ಮುಂದಿಟ್ಟ ಕಡತವನ್ನು ಓದಿಯೇ ಸಹಿ ಹಾಕುತ್ತಾರೆ.

ಮೀಸಲು ಮಣೆ ಏಣಿಯೋ ಛಾವಣಿಯೋ?

ಇಲ್ಲೇ ಚದುರಂಗದ ಇತಿಹಾಸ ನಮಗೆ ಕೆಲಸಕ್ಕೆ ಬರುತ್ತದೆ. ಏಕೆಂದರೆ ಚದುರಂಗದಲ್ಲೂ ಒಂದು ಬಗೆಯ ಮಹಿಳಾ ಮೀಸಲಾತಿ ಇದೆ. 1927ರಿಂದ ಮಹಿಳೆಯರಿಗೇ ಪ್ರತ್ಯೇಕ ವಿಶ್ವ ಚಾಂಪಿಯನ್‌ಷಿಪ್, 1976ರಿಂದ ಪ್ರತ್ಯೇಕ ‘ಮಹಿಳಾ ಗ್ರ್ಯಾಂಡ್‌ಮಾಸ್ಟರ್’ ಪಟ್ಟ. ಗ್ರ್ಯಾಂಡ್‌ಮಾಸ್ಟರ್ ಆಗಲು 2500ರ ರೇಟಿಂಗ್ ಬೇಕು, ಮಹಿಳಾ ಪಟ್ಟಕ್ಕೆ 2300 ಸಾಕು. ಇದು ಬೇಕೋ ಬೇಡವೋ ಎಂಬ ಜಗಳ ಇಂದಿಗೂ ಮುಗಿದಿಲ್ಲ. ಹಂಗೇರಿಯ ಜೂಡಿತ್ ಪೋಲ್ಗಾರ್ ಮಹಿಳಾ ವಿಶ್ವ ಪಟ್ಟಕ್ಕಾಗಿ ಒಮ್ಮೆಯೂ ಆಡದೆ, ಗಂಡಸರೊಂದಿಗೇ ಸೆಣಸಿ, 1991ರಲ್ಲಿ 15ನೆಯ ವಯಸ್ಸಿಗೆ ಗ್ರ್ಯಾಂಡ್‌ಮಾಸ್ಟರ್ ಆಗಿ, ಮುಂದೆ ಜಗತ್ತಿನ 8ನೆಯ ಸ್ಥಾನದವರೆಗೆ ಏರಿದರು. ಪ್ರತ್ಯೇಕ ಮಣೆ ಹೆಂಗಸರ ಗುರಿಯನ್ನೇ ತಗ್ಗಿಸುತ್ತದೆ ಎಂಬುದು ಅವರ ನಿಲುವು. ಆದರೆ ಪೋಲ್ಗಾರ್ ಅವರಿಗೆ ಸಿಕ್ಕಂತೆ ಮನೆಯನ್ನೇ ಚದುರಂಗದ ಶಾಲೆ ಮಾಡಿದ ತಂದೆತಾಯಿ ಎಷ್ಟು ಹುಡುಗಿಯರಿಗೆ ಸಿಕ್ಕಾರು?

ಭಾರತದಲ್ಲಿ ಈ ಜಗಳಕ್ಕೆ 1976ರಲ್ಲೇ ಮುಖ ಕೊಟ್ಟವರು ಮುಂಬೈಯ ರೋಹಿಣಿ ಖಾಡಿಲ್ಕರ್. ಗಂಡಸರ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಆಡಿದ ಮೊದಲ ಹೆಣ್ಣುಮಗಳು ಅವರು. ದೊಡ್ಡ ಗಲಾಟೆಯೇ ಆಯಿತು. ಆಗ ವಿಶ್ವ ಸಂಸ್ಥೆಯ ಅಧ್ಯಕ್ಷರಾಗಿದ್ದ ಮ್ಯಾಕ್ಸ್ ಯೂವ್, ಹೆಂಗಸರನ್ನು ತಡೆಯುವಂತಿಲ್ಲ ಎಂದರು. ರೋಹಿಣಿ ಮತ್ತು ಅವರ ಅಕ್ಕ ಜಯಶ್ರೀ ಆಟ ಬಿಟ್ಟ ಮೇಲೆ ಹೋದದ್ದು ರಾಜಕೀಯಕ್ಕಲ್ಲ, ಅದರ ಪಕ್ಕದ ಬೀದಿಗೆ. ಇಬ್ಬರೂ ಮರಾಠಿ ಪತ್ರಿಕೆಗಳ ಸಂಪಾದಕಿಯರಾದರು.

ಅರ್ಧ ಶತಮಾನದ ನಂತರದ ಲೆಕ್ಕ ನೋಡಿ. 2025ರ ಜುಲೈನಲ್ಲಿ ಜಾರ್ಜಿಯಾದ ಬಟೂಮಿಯಲ್ಲಿ ಮಹಿಳಾ ವಿಶ್ವಕಪ್ ಗೆದ್ದ ನಾಗಪುರದ ದಿವ್ಯಾ ದೇಶಮುಖ್ ಭಾರತದ 88ನೆಯ ಗ್ರ್ಯಾಂಡ್‌ಮಾಸ್ಟರ್ ಆದರು. ಆ 88ರಲ್ಲಿ ಹೆಂಗಸರು ನಾಲ್ಕೇ ನಾಲ್ಕು. ಗಮನಿಸಬೇಕಾದದ್ದೆಂದರೆ, ದಿವ್ಯಾಗೆ ಆ ಮುಕ್ತ ಪಟ್ಟ ತಂದುಕೊಟ್ಟದ್ದು ಮಹಿಳೆಯರಿಗೇ ಮೀಸಲಾದ ಪಂದ್ಯಾವಳಿ. ಚ್ಮಿಲೀಟೆಯವರೂ ಹಾಗೆಯೇ. ಬಾಲಕಿಯರ ಮಣೆಯಲ್ಲಿ ಬೆಳೆದು, ಗಂಡಸರ ಮಣೆಯಲ್ಲಿ ಗೆದ್ದು, ಮತ್ತೆ ಮಹಿಳೆಯರ ಮಣೆಗೆ ಬಂದು ಯೂರೋಪಿನ ಚಾಂಪಿಯನ್ ಆದವರು. ಎರಡು ಮಣೆಗಳ ನಡುವೆ ಓಡಾಡಲು ಅವರಿಗೆ ಮುಜುಗರವಿರಲಿಲ್ಲ. ಮೀಸಲು ಸ್ಥಾನದಿಂದ ಗೆದ್ದು, ಮುಂದಿನ ಸಲ ಸಾಮಾನ್ಯ ಸ್ಥಾನಕ್ಕೆ ಅರ್ಜಿ ಹಾಕುವ ನಮ್ಮ ಪಂಚಾಯಿತಿಯ ಹೆಣ್ಣುಮಗಳನ್ನು ‘ನಿಮಗೆ ಮೀಸಲು ಇದೆಯಲ್ಲ, ಇಲ್ಲಿಗೇಕೆ ಬಂದಿರಿ?’ ಎಂದು ಕೇಳುವ ಮುಖಂಡರು ಈ ಕಥೆ ಓದಿದರೆ ಒಳ್ಳೆಯದಿತ್ತು.

ವಿಧಾನಸಭೆ ಮತ್ತು ಲೋಕಸಭೆಗಳಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿಗೆ ಮೀಸಲಿಡುವ 106ನೆಯ ತಿದ್ದುಪಡಿ 2023ರ ಸೆಪ್ಟೆಂಬರಿನಲ್ಲಿ ಸಂಸತ್ತಿನಲ್ಲಿ ಅಂಗೀಕಾರವಾಯಿತು. ಆದರೆ ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆಗೆ ಅದನ್ನು ಗಂಟುಹಾಕಲಾಯಿತು. ಗಂಟು ಬಿಚ್ಚಿದ ದಿನ ನಮ್ಮ ಸೀಮೆಯ ಕ್ಷೇತ್ರಗಳಲ್ಲಿ ಯಾವುದು ಮಹಿಳೆಗೆ ಮೀಸಲಾಗುತ್ತದೋ, ಆ ಕ್ಷೇತ್ರದ ನಾಯಕರ ಮನೆಗಳಲ್ಲಿ ಹೆಂಡತಿಯೋ ಸೊಸೆಯೋ ದಿಢೀರನೆ ‘ಸಮಾಜಸೇವಕಿ’ಯಾಗಿ ಫ್ಲೆಕ್ಸ್ ಬೋರ್ಡುಗಳಲ್ಲಿ ಕಾಣಿಸಿಕೊಳ್ಳುವುದು ಖಂಡಿತ. ಅದೇ ಹೊತ್ತಿಗೆ, ಮೂವತ್ತು ವರ್ಷಗಳಿಂದ ಪಂಚಾಯಿತಿಗಳಲ್ಲಿ ನೆಲಗುದ್ದಿ ಮೇಲೆ ಬಂದ ಹೆಂಗಸರೂ ಟಿಕೆಟ್ ಕೇಳುತ್ತಾರೆ. ಅವರಿಗೆ ಸ್ವಂತ ಹೆಸರಿದೆ, ಆದರೆ ಚುನಾವಣೆಗೆ ಬೇಕಾದ ಹಣವಿಲ್ಲ. ಪಕ್ಷಗಳು ಯಾರ ಕಡೆ ಕೈ ಚಾಚುತ್ತವೆ ಎಂಬುದನ್ನು ಕಾದು ನೋಡಬೇಕು.

ಬಾಲ್ಟಿಕ್‌ನ ಆ ಇಬ್ಬರ ಕಥೆ ಎಲ್ಲಿಗೆ ಬಂತು ಎಂದು ಓದುಗರು ಕೇಳಬಹುದು. ಡಾನಾ ರೇಜ್ನಿಯೆತ್ಸೆ-ಓಜೊಲಾ 2019ರ ಜನವರಿಯವರೆಗೆ ಹಣಕಾಸು ಮಂತ್ರಿಯಾಗಿದ್ದು, 2021ರಲ್ಲಿ ಸಂಸತ್ ಸದಸ್ಯತ್ವಕ್ಕೂ ರಾಜೀನಾಮೆ ಕೊಟ್ಟು ವಿಶ್ವ ಚೆಸ್ ಸಂಸ್ಥೆಯ ಆಡಳಿತ ನೋಡಿಕೊಳ್ಳಲು ಹೋದರು. ವಿಕ್ಟೋರಿಯಾ ಚ್ಮಿಲೀಟೆ-ನೀಲ್ಸನ್ ಪೂರ್ತಿ ನಾಲ್ಕು ವರ್ಷ ಸಭೆ ನಡೆಸಿದರು. 2024ರ ಚುನಾವಣೆಯಲ್ಲಿ ಆಳುವ ಮೈತ್ರಿಕೂಟ ಸೋತಿತು. ಆ ನವೆಂಬರಿನಲ್ಲಿ ಸಭಾಧ್ಯಕ್ಷ ಪೀಠವನ್ನು ಮಾಜಿ ಪ್ರಧಾನಿ ಸೌಲ್ಯುಸ್ ಸ್ಕ್ವೆರ್ನೆಲಿಸ್ ಅವರಿಗೆ ಬಿಟ್ಟುಕೊಟ್ಟು ಕೆಳಗಿಳಿದರು.